ಗಡಿ ದಾಟಿ ಕಂಬಳಕ್ಕೆ: ಗಂತಿನಿಂದ ಮಂಜೊಟ್ಟಿಯವರೆಗೆ ನೋಡುವ ಬಗೆ

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಕಾಸರಗೋಡು ಕಡೆಯ ಮಂಜೇಶ್ವರ, ಉಪ್ಪಳ, ಪೈವಳಿಕೆ, ಪೆರ್ಲದ ಫೋನುಗಳಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ. ಆ ಋತುವಿನ ಕಂಬಳಗಳ ದಿನಾಂಕ, ಸ್ಥಳ, ಕರೆಯ (ಕೋಣ ಓಡುವ ಕೆಸರಿನ ಹಾದಿಯ) ಹೆಸರು. ನವೆಂಬರಿನಿಂದ ಮಾರ್ಚ್ ದಾಟುವವರೆಗೆ ಹೆಚ್ಚುಕಡಿಮೆ ಪ್ರತಿ ಶನಿವಾರ ಎಲ್ಲಾದರೊಂದು ಕಡೆ ಕೋಣ ಓಡುತ್ತದೆ. ಇದನ್ನು ಈಗ ಸಹಜವೆಂಬಂತೆ ನೋಡುವವರಿಗೆ ನಡುವಿನ ಆತಂಕದ ವರ್ಷಗಳ ನೆನಪು ಮಾಸಿರಬಹುದು. 2014ರ ಮೇ 7ರ ಜಲ್ಲಿಕಟ್ಟು ತೀರ್ಪಿನ ಬಳಿಕ ಕಂಬಳಕ್ಕೂ ಕುತ್ತು ಬಂತು. 2017ರಲ್ಲಿ ಕರ್ನಾಟಕ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 155 ಮೀಟರ್ ಕರೆ ತೋಡಿ ಕೋಣ ಓಡಿಸಿದರು. ಮಂಗಳೂರಂತೂ ಕದ್ರಿ ಕಂಬಳವೆಂಬ ಜಾಗದ ಹೆಸರಿನಲ್ಲೇ ಓಟವನ್ನು ಉಳಿಸಿಕೊಂಡ ಊರು. ಈಗ ಅಲ್ಲಿ ಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆಗೆ ಜನ ಮುಗಿಬೀಳುತ್ತಾರೆ.

ಆ ತಿದ್ದುಪಡಿ ಕರ್ನಾಟಕದ ಎಲ್ಲೆಯೊಳಗಿನದು, ಗಡಿಯ ತಲಪಾಡಿಯಿಂದ ಈಚೆಗೆ, ಕೇರಳಕ್ಕೆ, ಬರುವುದಿಲ್ಲ. ಪೈವಳಿಕೆ ಬೋಳಂಗಳದ ಅಣ್ಣ-ತಮ್ಮ ಜೋಡುಕರೆಯ ಹೆಸರು ಕೇಳದ ಕಂಬಳಪ್ರಿಯ ಕಾಸರಗೋಡಿನ ಕಡೆ ಸಿಗಲಾರ. ಆದರೂ ಋತುಪೂರ್ತಿ ಓಟ ನೋಡಬೇಕೆಂದರೆ ಗಡಿ ದಾಟಲೇಬೇಕು. ಹಾಗೆ ದಾಟುವವರಿಗಾಗಿ ಈ ಬರಹ. ಮೊದಲ ಸಲ ಹೋಗುವವರಿಗೂ, ಹತ್ತು ಸಲ ಹೋಗಿ, ಓಟ ಮುಗಿಯುವ ಮಂಜೊಟ್ಟಿಯ ಬಳಿ ಜನರ ಬೆನ್ನು ನೋಡಿ ಬಂದವರಿಗೂ.

ಯಾವ ಕಂಬಳಕ್ಕೆ, ಯಾವ ದಾರಿಯಲ್ಲಿ

ಪಟ್ಟಿಯಲ್ಲಿರುವ ಎಲ್ಲದಕ್ಕೂ ಹೋಗುವ ಆಸೆ ಬಿಟ್ಟು, ನಿಮ್ಮ ಊರಿಗೆ ಯಾವುದು ಹತ್ತಿರ ಎಂದು ಮೊದಲು ನೋಡಿ. ಹೊಸಂಗಡಿ, ಮಂಜೇಶ್ವರದವರಿಗೆ ನರಿಂಗಾನದ ಲವ-ಕುಶ ಜೋಡುಕರೆ ಅಂಗಳದಲ್ಲೇ ಇದ್ದಂತೆ. ವರ್ಕಾಡಿ ಕಡೆಯಿಂದ ಮುಡಿಪಿಗೆ ಹೋದರೆ ಹೆದ್ದಾರಿಯ ಗಲಾಟೆಯೇ ಇಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯದವರು ಮಂಗಳೂರು ಸುತ್ತುವ ಅಗತ್ಯವಿಲ್ಲ. ಸ್ವರ್ಗ, ಆರ್ಲಪದವು, ಪಾಣಾಜೆ ದಾರಿಯಾಗಿ ಪುತ್ತೂರು ತಲುಪಬಹುದು. ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಕಂಬಳ ಪೇಟೆಯ ನಡುವೆಯೇ ಆಗುವುದರಿಂದ ಊಟ, ಬಸ್ಸು, ಶೌಚಾಲಯ ಯಾವುದಕ್ಕೂ ತಾಪತ್ರಯವಿಲ್ಲ. ಕುಟುಂಬದೊಂದಿಗೆ ಮೊದಲ ಸಲ ಹೋಗುವವರಿಗೆ ನಮ್ಮ ಶಿಫಾರಸು ಇದೇ. ಋತುವಿನ ಕೊನೆಯಲ್ಲಿ ಬರುವ ಉಪ್ಪಿನಂಗಡಿಯ ವಿಜಯ-ವಿಕ್ರಮ ಕಂಬಳವೂ ಇದೇ ದಾರಿಯ ಮುಂದುವರಿಕೆ.

ಕಾಸರಗೋಡು, ಕುಂಬಳೆ, ಉಪ್ಪಳದವರಿಗೆ ಕೂಳೂರು ಸುಲಭ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿ, ತೊಕ್ಕೊಟ್ಟು, ಪಂಪ್‌ವೆಲ್, ನಂತೂರು, ಕೊಟ್ಟಾರ ಚೌಕಿ ದಾಟಿದರೆ ಕೂಳೂರು. ಬಸ್ಸಿನಲ್ಲಿ ಹೋಗುವುದಾದರೆ ಮಂಗಳೂರಿನವರೆಗೆ ಕಾಸರಗೋಡು ಬಸ್ಸು, ಅಲ್ಲಿಂದ ಸುರತ್ಕಲ್ ಕಡೆಯ ಸಿಟಿ ಬಸ್ಸು. ಹೋಗುವುದಕ್ಕೇನೂ ಕಷ್ಟವಿಲ್ಲ, ಪೇಚಾಟ ಬರುವಾಗ. ನಡುರಾತ್ರಿಗೆ ಸಿಟಿ ಬಸ್ಸು ಇರುವುದಿಲ್ಲ. ಒಂದೋ ರಾತ್ರಿಯ ಕೊನೆಯ ಬಸ್ಸಿಗೆ ಸರಿಯಾಗಿ ಹೊರಡಬೇಕು, ಇಲ್ಲವೇ ಬೆಳಗಿನವರೆಗೆ ಇರುವ ಮನಸ್ಸು ಮಾಡಿಯೇ ಹೋಗಬೇಕು. ಎರಡರ ನಡುವೆ ತೂಗಾಡಿದವರು ಕೊನೆಗೆ ಒಂದು ಗಂಟೆ ರಾತ್ರಿಗೆ ರಿಕ್ಷಾದವರೊಂದಿಗೆ ಚೌಕಾಸಿ ಮಾಡುತ್ತಾ ನಿಲ್ಲುತ್ತಾರೆ. ಐಕಳದ ಕಾಂತಾಬಾರೆ-ಬೂದಾಬಾರೆ, ಮೂಡುಬಿದಿರೆಯ ಕೋಟಿ-ಚೆನ್ನಯ, ಮಿಯ್ಯಾರಿನ ಲವ-ಕುಶ, ಕಟಪಾಡಿಯ ಮೂಡು-ಪಡು ಇವಕ್ಕೆಲ್ಲ ಸ್ವಂತ ವಾಹನವಿದ್ದರೆ ವಾಸಿ.

ಕಾರು ಒಯ್ಯುವವರಿಗೆ ಒಂದು ಸೂಚನೆ. ವಾಹನ ನಿಲ್ಲಿಸಲು ಸಿಗುವುದು ಕೊಯ್ಲು ಮುಗಿದ ಗದ್ದೆ. ಹಗಲು ಒಣಗಿದಂತೆ ಕಾಣುವ ಮಣ್ಣು ಬೆಳಗಿನ ಜಾವದ ಇಬ್ಬನಿಗೆ ಜಾರುತ್ತದೆ. ಹುಣಿಗೆ (ಗದ್ದೆಯ ಬದುವಿಗೆ) ಮೂತಿ ಹಚ್ಚಿ ನಿಲ್ಲಿಸಬೇಡಿ, ಬರುವಾಗಲೇ ತಿರುಗಿಸಿ ಮುಖ ದಾರಿಯತ್ತ ಇರುವಂತೆ ನಿಲ್ಲಿಸಿ. ನಿಲ್ಲಿಸಿದ ಜಾಗದ ಲೊಕೇಶನ್ ಫೋನಿನಲ್ಲಿ ಉಳಿಸಿಕೊಳ್ಳಿ. ಕತ್ತಲಲ್ಲಿ ಎಲ್ಲ ಗದ್ದೆಯೂ ಒಂದೇ ಥರ.

ಯಾವ ಹೊತ್ತಿಗೆ

ಆಮಂತ್ರಣ ಪತ್ರಿಕೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಉದ್ಘಾಟನೆ ಎಂದಿದ್ದರೆ ಎಂಟೂವರೆಗೇ ಓಡಿಹೋಗಬೇಕಾಗಿಲ್ಲ. ದೊಡ್ಡ ಕಂಬಳಗಳಿಗೆ ಈಗ ನೂರೈವತ್ತು ಜೊತೆ ಕೋಣ ಬರುವುದು ಅಪರೂಪವಲ್ಲ. ಲೆಕ್ಕ ಹಾಕಿ: ಪ್ರತಿ ಓಟದಲ್ಲಿ ಒಂದು ಜೊತೆ ಮಾತ್ರ ಹೊರಬೀಳುವುದು ಎಂದಿಟ್ಟುಕೊಂಡರೂ 150 ಜೊತೆಗೆ ಹತ್ತಿರಹತ್ತಿರ 150 ಓಟ ಬೇಕು. ಓಟವೊಂದು ಹನ್ನೆರಡು, ಹದಿಮೂರು ಸೆಕೆಂಡಿನದು. ಆದರೆ ಕೋಣ ಗಂತಿಗೆ ಬಂದು, ತಿರುಗಿ, ಎರಡೂ ಜೊತೆ ನೆಟ್ಟಗೆ ನಿಂತು ಬಿಡುವ ಹೊತ್ತಿಗೆ ಐದು ನಿಮಿಷ ಕಳೆದರೆ ಅಷ್ಟಕ್ಕೇ ಹನ್ನೆರಡೂವರೆ ಗಂಟೆಯಾಯಿತು. ಸಭಾ ಕಾರ್ಯಕ್ರಮ, ಸನ್ಮಾನ, ಕರೆಯ ನೀರು ಸರಿಮಾಡುವುದು ಎಲ್ಲ ಸೇರಿ ಶನಿವಾರ ಶುರುವಾದ ಕಂಬಳ ಭಾನುವಾರಕ್ಕೆ ಕಾಲಿಡುತ್ತದೆ. ಫೈನಲ್ ಓಟಗಳು ಹೆಚ್ಚಾಗಿ ಬೆಳಕು ಹರಿದ ಮೇಲೆಯೇ.

ಹಾಗಾಗಿ ಎರಡು ರೀತಿಯಲ್ಲಿ ಹೋಗಬಹುದು. ಕೋಣ, ಕರೆ, ಓಟ ಎಲ್ಲವನ್ನೂ ಸಾವಕಾಶವಾಗಿ ತಿಳಿದುಕೊಳ್ಳುವ ಇಷ್ಟವಿದ್ದವರು ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿ ರಾತ್ರಿ ಊಟದ ಹೊತ್ತಿಗೆ ಹೊರಡಲಿ. ಸ್ಪರ್ಧೆಯ ಬಿಸಿ ಬೇಕಾದವರು ಮನೆಯಲ್ಲಿ ನಿದ್ದೆ ಮಾಡಿ, ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗಲಿ. ಆಗ ಸೆಮಿಫೈನಲ್ ಹಂತ ಸಿಗುತ್ತದೆ, ರಾತ್ರಿಯಿಡೀ ನಿಂತವರು ಬಿಟ್ಟುಹೋದ ಒಳ್ಳೆಯ ಜಾಗವೂ ಸಿಗುತ್ತದೆ. ಶನಿವಾರ ರಾತ್ರಿ ಒಂಬತ್ತರಿಂದ ಹನ್ನೊಂದು ಮಾತ್ರ ನೋಡುವವರಿಗೆ ತೀರಾ ಕೆಟ್ಟ ಹೊತ್ತು. ಜನ ಅತಿ ಹೆಚ್ಚು, ಗಣ್ಯರ ಆಗಮನ ಅತಿ ಹೆಚ್ಚು, ಓಟ ಅತಿ ಕಡಿಮೆ. ಹೊರಡುವ ಮುಂಚೆ ನೇರಪ್ರಸಾರ ತೆರೆದು ಯಾವ ವಿಭಾಗ ಎಲ್ಲಿಗೆ ಮುಟ್ಟಿದೆ ಎಂದು ನೋಡಿಕೊಳ್ಳಿ. ಬಹುತೇಕ ಎಲ್ಲ ದೊಡ್ಡ ಕಂಬಳವೂ ಯೂಟ್ಯೂಬಿನಲ್ಲಿ ಬರುತ್ತದೆ.

ಕರೆ ಮತ್ತು ಆರು ವಿಭಾಗ

ಅಕ್ಕಪಕ್ಕ ಇರುವ ಎರಡು ಕೆಸರಿನ ಹಾದಿಗಳೇ ಜೋಡುಕರೆ. ಕೋಣ ಹೊರಡುವ ತುದಿ ಗಂತು, ಮುಟ್ಟುವ ತುದಿಯ ಏರು ಮಂಜೊಟ್ಟಿ. ಕರೆಯ ಉದ್ದ ಊರಿಂದೂರಿಗೆ ಬೇರೆ, ಈ ವಿಷಯ ಮುಂದೆ ಸಮಯದ ಲೆಕ್ಕಕ್ಕೆ ಬೇಕಾಗುತ್ತದೆ. ಧ್ವನಿವರ್ಧಕದಲ್ಲಿ ವಿವರಣೆ ಕೊಡುವವರು ಎಡ, ಬಲ ಎನ್ನುವುದಿಲ್ಲ. ಕರೆಯ ಹೆಸರನ್ನೇ ಹೇಳುತ್ತಾರೆ, ಕೂಳೂರಿನಲ್ಲಾದರೆ ರಾಮ ಕರೆ, ಲಕ್ಷ್ಮಣ ಕರೆ. ತಲುಪಿದ ಕೂಡಲೇ ಯಾವುದು ಯಾವುದೆಂದು ಪಕ್ಕದವರನ್ನು ಕೇಳಿಕೊಂಡರೆ ಉಳಿದದ್ದೆಲ್ಲ ತಲೆಗೆ ಹೋಗುತ್ತದೆ. ವಿವರಣೆ ಬಹುಪಾಲು ತುಳುವಿನಲ್ಲಿ, ಕಾಸರಗೋಡಿನವರಿಗೆ ಅದೇನೂ ತೊಡಕಲ್ಲ.

ನೇಗಿಲು ಕಿರಿಯ, ನೇಗಿಲು ಹಿರಿಯ, ಹಗ್ಗ ಕಿರಿಯ, ಹಗ್ಗ ಹಿರಿಯ, ಅಡ್ಡಹಲಗೆ, ಕನೆಹಲಗೆ. ಕಿರಿಯ, ಹಿರಿಯ ಎನ್ನುವುದು ಓಡಿಸುವವನ ವಯಸ್ಸಲ್ಲ, ಕೋಣದ್ದು. ಅದನ್ನು ತೀರ್ಮಾನಿಸುವುದು ಹಲ್ಲು ನೋಡಿ. ನೇಗಿಲು ವಿಭಾಗದಲ್ಲಿ ನೊಗಕ್ಕೆ ಕಟ್ಟಿದ ಹಗುರ ಮರದ ನೇಗಿಲನ್ನು ಹಿಡಿದು ಓಟಗಾರ ಹಿಂದೆ ಓಡುತ್ತಾನೆ. ಹೊಸ ಕೋಣಗಳು ಪಳಗುವುದು ಇಲ್ಲಿ, ಅದಕ್ಕೇ ನೇಗಿಲು ಕಿರಿಯದ ಪಟ್ಟಿ ಯಾವಾಗಲೂ ಉದ್ದ. ಹಗ್ಗದಲ್ಲಿ ನೇಗಿಲಿನ ಆಧಾರವೂ ಇಲ್ಲ, ನೊಗದಿಂದ ಬಂದ ಹಗ್ಗವಷ್ಟೇ. ಪಳಗಿದ ಕೋಣ, ನುರಿತ ಓಟಗಾರ ಸೇರುವ ಹಗ್ಗ ಹಿರಿಯವೇ ಎಲ್ಲರೂ ಕಾಯುವ ಓಟ. ಅಡ್ಡಹಲಗೆಯಲ್ಲಿ ಓಟಗಾರ ಓಡುವುದಿಲ್ಲ, ಕೋಣ ಎಳೆಯುವ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯ ವಿಷಯವೇ ಬೇರೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಗಂತಿಗೆ ಹೋಗಿ

ಬಂದವರೆಲ್ಲ ಮಂಜೊಟ್ಟಿಗೆ ನುಗ್ಗುತ್ತಾರೆ. ಗೆದ್ದವರು ಅಲ್ಲಿ ಕಾಣುತ್ತಾರೆ, ಬೊಬ್ಬೆ ಅಲ್ಲಿ, ಕ್ಯಾಮೆರಾ ಅಲ್ಲಿ. ಆದರೆ ಓಟ ತೀರ್ಮಾನವಾಗುವುದು ಗಂತಿನಲ್ಲಿ. ಮೊದಲ ಒಂದೆರಡು ಗಂಟೆ ಅಲ್ಲೇ ಬದಿಯಲ್ಲಿ ನಿಂತು ನೋಡಿದವರಿಗೆ ಆಮೇಲೆ ಮಂಜೊಟ್ಟಿಯಲ್ಲಿ ಕಾಣುವುದು ಬೇರೆಯೇ ಆಟ.

ನೋಡಬೇಕಾದ್ದು ಇಷ್ಟು. ಕೋಣಗಳು ಗಂತಿಗೆ ಬಂದು ಮಂಜೊಟ್ಟಿಯ ಕಡೆ ಮುಖ ತಿರುಗಿಸಬೇಕು. ಪಳಗಿದ ಜೊತೆ ಒಂದೇ ಸುತ್ತಿನಲ್ಲಿ ತಿರುಗಿ ನಿಲ್ಲುತ್ತದೆ. ಹೊಸ ಜೊತೆಯಲ್ಲಿ ಒಂದು ಮುಂದೆ ಜಗ್ಗುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ, ನೊಗ ಓರೆಯಾಗುತ್ತದೆ. ನೊಗ ಓರೆಯಾಗಿರುವಾಗಲೇ ಬಿಟ್ಟರೆ ಮೊದಲ ಹತ್ತು ಹೆಜ್ಜೆ ಪೂರ್ತಿ ಸರಿಪಡಿಸುವುದರಲ್ಲೇ ಹೋಗುತ್ತದೆ. ಕೋಣ ಕರೆಯ ಬದಿಗೆ ಉಜ್ಜುತ್ತದೆ, ಓಟಗಾರನ ಕೈಯ ಹಗ್ಗ ಒಂದು ಕಡೆಗೆ ಎಳೆಯುತ್ತದೆ. ಅಂಥ ಜೊತೆ ನಡುವಿನಲ್ಲಿ ಎಷ್ಟು ಜೋರಾಗಿ ಓಡಿದರೂ ಆರಂಭದಲ್ಲಿ ಕಳೆದದ್ದನ್ನು ಮರಳಿ ಪಡೆಯುವುದು ಅಪರೂಪ. ಕೋಣ ಹಿಡಿದು ನಿಲ್ಲುವ ಆಳುಗಳ ಕೈಗಳನ್ನು ಗಮನಿಸಿ. ಎರಡೂ ಬದಿಯವರು ಒಂದೇ ಕ್ಷಣಕ್ಕೆ ಕೈಬಿಟ್ಟು ಹಿಂದೆ ಸರಿದರೆ ಜೊತೆ ನೇರ ಹೊರಡುತ್ತದೆ. ಒಬ್ಬರ ಕೈ ರೆಪ್ಪೆಯಷ್ಟು ತಡವಾದರೂ ಆ ಬದಿಯ ಕೋಣದ ತಲೆ ಒಳಕ್ಕೆ ತಿರುಗುವುದು ಕಾಣುತ್ತದೆ.

ಇನ್ನೊಂದು, ಪಕ್ಕದ ಕರೆಯ ಜೊತೆಯನ್ನು ಕಾಯಿಸುವ ಜಾಣತನ. ತಮ್ಮ ಕೋಣ ಶಾಂತವಾಗಿ ನಿಲ್ಲುತ್ತದೆಂದು ಗೊತ್ತಿದ್ದವರಿಗೆ ಅವಸರವಿಲ್ಲ, ಎದುರಾಳಿ ಕೋಣ ಕಾದು ಕಾದು ಕಂಗೆಡುತ್ತದೆ. ಗಂತಿನಲ್ಲಿ ಸಮಯದ ಶಿಸ್ತು ಬೇಕೆಂಬ ಕೂಗು ಎದ್ದದ್ದು ಇದರಿಂದಲೇ. ನಮ್ಮ ಅಭಿಪ್ರಾಯದಲ್ಲಿ ಅದು ನ್ಯಾಯವಾದ ಕೂಗು. ಇಡೀ ರಾತ್ರಿಯ ವಿಳಂಬದ ಮೂಲ ಇಲ್ಲೇ ಇದೆ.

ಗಂತಿನಲ್ಲಿ ಹೇಗೆ ನಿಲ್ಲಬೇಕು ಎನ್ನುವುದಕ್ಕೂ ಪಾಠ ಬೇಕು. ಬೇಲಿಯ ಹೊರಗೆ, ಕೋಣದ ಹಿಂದೆ ಅಲ್ಲ, ಬದಿಯಲ್ಲಿ. ಕೊಡೆ ಫಟ್ಟನೆ ಬಿಚ್ಚುವುದು, ಫ್ಲ್ಯಾಶ್ ಹೊಡೆಯುವುದು, ಸಿಳ್ಳು ಹಾಕುವುದು ಬೇಡ. ನಿಂತ ಕೋಣ ಬೆದರಿದರೆ ಮತ್ತೆ ಸುತ್ತು ಹಾಕಿಸಿ ತರಬೇಕು, ಆಗ ಸುತ್ತಲಿನವರಿಂದ ನಿಮಗೆ ಸಿಗುವ ತುಳು ಬೈಗುಳಕ್ಕೆ ನೀವು ಅರ್ಹರೇ. ಯಾರ ಕೋಣವೆಂದು ತಿಳಿಯಬೇಕಿದ್ದರೆ ಓಟ ಬಿಟ್ಟ ಮೇಲೆ ಪಕ್ಕದ ಹಿರಿಯರಲ್ಲಿ ಮೆಲ್ಲಗೆ, “ಅಣ್ಣೆರೆ, ಉಂದು ಏರೆನ ಎರುಕುಲು?” ಎಂದು ಕೇಳಿ. ಯಜಮಾನರ ಮನೆತನ, ಕೋಣದ ಹೆಸರು, ಹೋದ ವರ್ಷದ ಪದಕ, ಅದರ ಅಜ್ಜ ಕೋಣದ ಸಾಹಸ ಎಲ್ಲ ಬರುತ್ತದೆ. ಆ ವಿವರ ಯಾವ ಪರದೆಯ ಮೇಲೂ ಬರುವುದಿಲ್ಲ.

ಕನೆಹಲಗೆ: ನೀರು ನೋಡುವುದು

ಕನೆಹಲಗೆಯಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಪ್ರಶ್ನೆಯಿಲ್ಲ. ನೀರು ಎಷ್ಟು ಎತ್ತರ ಚಿಮ್ಮಿತು ಎಂಬುದಷ್ಟೇ. ಕೋಣ ಎಳೆಯುವ ಮರಕ್ಕೆ ತೂತುಗಳಿರುವ ದಪ್ಪ ಹಲಗೆಯ ತುಂಡು ಕಟ್ಟಿರುತ್ತಾರೆ. ಓಟಗಾರ ಒಂದು ಕಾಲನ್ನು ಅದರ ಮೇಲೆ ಊರಿ ನಿಲ್ಲುತ್ತಾನೆ. ಹಲಗೆ ನೀರಿನೊಳಗೆ ನುಗ್ಗಿದಾಗ ತೂತುಗಳ ಮೂಲಕ ನೀರು ಕಾರಂಜಿಯಂತೆ ಮೇಲೇಳುತ್ತದೆ. ಕರೆಗೆ ಅಡ್ಡವಾಗಿ ಮೇಲೆ ಕಟ್ಟಿದ ಬಿಳಿ ಬಟ್ಟೆ ನಿಶಾನೆ. 6.5 ಕೋಲು, 7.5 ಕೋಲು ಎಂದು ಎತ್ತರ ಗೊತ್ತುಮಾಡಿರುತ್ತಾರೆ. ಬಟ್ಟೆ ಒದ್ದೆಯಾದರೆ ಗೆಲುವು. ಒಂದೇ ಎತ್ತರಕ್ಕೆ ಎರಡು, ಮೂರು ಜೊತೆ ನೀರು ಹಾಯಿಸಿದರೆ ಬಹುಮಾನ ಎಲ್ಲರಿಗೂ.

ನೀರು ಏಳದಿರಲು ಕಾರಣ ಹಲವು. ಎರಡು ಕೋಣಗಳಲ್ಲಿ ಒಂದು ಅರ್ಧ ಹೆಜ್ಜೆ ಮುಂದಿದ್ದರೆ ಹಲಗೆ ಓರೆಯಾಗಿ ನೀರು ಮೇಲಕ್ಕೆ ಹೋಗದೆ ಬದಿಗೆ ಹಾರುತ್ತದೆ. ನೋಡಲು ಬೀಸಣಿಗೆಯಂತೆ ಚಂದ, ಲೆಕ್ಕಕ್ಕೆ ಸೊನ್ನೆ. ಓಟಗಾರ ಭಾರವನ್ನು ನಿಶಾನೆಗಿಂತ ಬಹಳ ಮೊದಲೇ ಹಾಕಿದರೆ ಕೋಣದ ವೇಗ ಕುಗ್ಗಿ, ಬಟ್ಟೆಯ ಅಡಿಗೆ ಬರುವಾಗ ಒತ್ತಡವೇ ಉಳಿಯುವುದಿಲ್ಲ. ತಡವಾಗಿ ಹಾಕಿದರೆ ನೀರು ಬಟ್ಟೆ ದಾಟಿದ ಮೇಲೆ ಏಳುತ್ತದೆ. ಕರೆಯ ನೀರು ಕಡಿಮೆಯಾಗಿದ್ದರೆ ತೂತಿನಿಂದ ಬರುವುದು ಕೆಸರು. ಕೆಸರು ಭಾರ, ಮೇಲೆ ಹೋಗದು. ಅದಕ್ಕೇ ಈ ವಿಭಾಗಕ್ಕೆ ಮುಂಚೆ ಕರೆಗೆ ನೀರು ಬಿಡುವುದನ್ನು ನೀವು ಕಾಣಬಹುದು. ಗಾಳಿಯೂ ಒಂದು ಕೈ ನೋಡುತ್ತದೆ: ಸಂಜೆ ಕಡಲಿನ ಕಡೆಯಿಂದ ಬೀಸುವ ಗಾಳಿಗೆ ತುದಿಯ ಹನಿಗಳು ಚದುರುತ್ತವೆ.

ಇದನ್ನು ನೋಡಲು ಒಳ್ಳೆಯ ಜಾಗ ಮಂಜೊಟ್ಟಿಯೂ ಅಲ್ಲ, ಗಂತೂ ಅಲ್ಲ. ನಿಶಾನೆಗೆ ನೇರವಾಗಿ ಬದಿಯಲ್ಲಿ, ಸಾಧ್ಯವಾದರೆ ಹತ್ತು, ಹದಿನೈದು ಅಡಿ ಹಿಂದಕ್ಕೆ, ಸೂರ್ಯ ಬೆನ್ನಿಗಿರುವಂತೆ. ತೀರಾ ಅಡಿಯಲ್ಲಿ ನಿಂತರೆ ತಲೆ ಎತ್ತುವಷ್ಟರಲ್ಲಿ ಮುಖದ ಮೇಲೆ ಕೆಸರು. ಮುಂಗಾಲಿಗಲ್ಲ, ಹಲಗೆಯ ಮೇಲಿನ ಕಾಲಿಗೆ ಕಣ್ಣಿಡಿ. ಮಂಡಿ ಬಗ್ಗಿ ಹಿಮ್ಮಡಿ ಒತ್ತಿದ ಗಳಿಗೆಯ ಮರುಗಳಿಗೆಯೇ ನೀರು.

ಸಮಯದ ಲೆಕ್ಕ

ಪರದೆಯ ಮೇಲೆ ಬರುವ ಸಂಖ್ಯೆಯನ್ನು ಹಾಗೆಯೇ ಹೋಲಿಸಬೇಡಿ. ಒಂದು ಊರಿನ 11.5 ಸೆಕೆಂಡು ಇನ್ನೊಂದು ಊರಿನ 13.5 ಸೆಕೆಂಡಿಗಿಂತ ನಿಧಾನವಾಗಿರಬಹುದು, ಯಾಕೆಂದರೆ ಕರೆಯ ಉದ್ದ ಒಂದೇ ಅಲ್ಲ. ಉದ್ದವನ್ನು ಸಮಯದಿಂದ ಭಾಗಿಸಿ, ಸೆಕೆಂಡಿಗೆ ಎಷ್ಟು ಮೀಟರ್ ಎಂದು ಬರೆದಿಟ್ಟುಕೊಳ್ಳಿ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅಂದರೆ ಸೆಕೆಂಡಿಗೆ 10.46 ಮೀಟರ್. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61ರಲ್ಲಿ ಮುಗಿಸಿದರು. ಅದು 10.51. ಗಂಟೆಗೆ 38 ಕಿಲೋಮೀಟರಿನ ಆಸುಪಾಸು.

ಆಗ ಇದನ್ನು 100 ಮೀಟರಿಗೆ ಇಳಿಸಿ 9.55, 9.51 ಎಂದು ಉಸೇನ್ ಬೋಲ್ಟರ 9.58ರ ಪಕ್ಕ ಇಟ್ಟದ್ದು ದೇಶವಿಡೀ ಸುದ್ದಿಯಾಯಿತು. ಲೆಕ್ಕ ಎರಡು ಕಡೆ ಎಡವುತ್ತದೆ. ಓಟಗಾರನನ್ನು ಮುಂದಕ್ಕೆ ಎಳೆಯುವುದು ಕೋಣ, ಟ್ರ್ಯಾಕಿನಲ್ಲಿ ಎಳೆಯುವವರು ಯಾರೂ ಇಲ್ಲ. ಎರಡನೆಯದು, ಹೊರಡುವಾಗಿನ ನಿಧಾನಗತಿ ಉದ್ದನೆಯ ಓಟದಲ್ಲಿ ಹಂಚಿಹೋಗುತ್ತದೆ. 142 ಮೀಟರಿನ ಸರಾಸರಿಯಿಂದ ತೆಗೆದ 100 ಮೀಟರ್, ನಿಂತಲ್ಲಿಂದ ಹೊರಟು ಓಡಿದ 100 ಮೀಟರ್ ಅಲ್ಲ. ಅದೇ ಹೊತ್ತಿಗೆ ಬೋಲ್ಟರು ಕೆಸರಿನಲ್ಲಿ ಹಗ್ಗ ಹಿಡಿದು ಓಡಿದವರೂ ಅಲ್ಲ. ಕಂಬಳದ ಓಟಗಾರನನ್ನು ಹೋಲಿಸಬೇಕಾದ್ದು ಅದೇ ಕರೆಯ ಇನ್ನೊಬ್ಬ ಓಟಗಾರನೊಂದಿಗೆ, ಅದೇ ದಿನ.

ನೀವೇ ಸಮಯ ಹಿಡಿಯುವ ಹುರುಪಿದ್ದರೆ ಹೀಗೆ ಮಾಡಿ. ಮಂಜೊಟ್ಟಿಯಲ್ಲಿ ನಿಂತು ಗಂತಿನ ಬೊಬ್ಬೆ ಕೇಳಿ ಸ್ಟಾಪ್‌ವಾಚ್ ಒತ್ತುವುದು ತಪ್ಪು ವಿಧಾನ. ಸದ್ದು 140 ಮೀಟರ್ ದಾಟಿ ಬರಲು ಸುಮಾರು 0.4 ಸೆಕೆಂಡು ಬೇಕು. ನೀವು ಹಿಡಿದ ಸಮಯ ಅಷ್ಟೇ ಕಡಿಮೆ ಬರುತ್ತದೆ, ಮನೆಗೆ ಹೋಗಿ ದಾಖಲೆ ಮುರಿದ ಸುದ್ದಿ ಹೇಳುತ್ತೀರಿ. ಬಾವುಟವೋ ದೀಪವೋ ಕೋಣದ ಮೊದಲ ಜಿಗಿತವೋ, ಕಣ್ಣಿಗೆ ಕಾಣುವುದನ್ನೇ ನೋಡಿ ಒತ್ತಿ. ಆಗಲೂ ಬೆರಳಿನ ತಡ ಸುಮಾರು 0.2 ಸೆಕೆಂಡು ಇದ್ದೇ ಇರುತ್ತದೆ. ಒಟ್ಟು ಸಮಯ ಅಂದಾಜಿಗೆ ಸಾಕು, ಗೆದ್ದವರಾರೆಂದು ಹೇಳಲು ಸಾಲದು.

ಅಂತರ ಅಳೆಯಲು ವಿಡಿಯೊ ಒಳ್ಳೆಯದು. ಗೆರೆಗೆ ನೇರ ಅಡ್ಡವಾಗಿ ನಿಲ್ಲಬೇಕು. ಎರಡು ಹೆಜ್ಜೆ ಮುಂದೆ ಅಥವಾ ಹಿಂದೆ ನಿಂತರೂ ಹತ್ತಿರದ ಕರೆಯ ಕೋಣ ಮುಂದಿದ್ದಂತೆಯೋ ಹಿಂದಿದ್ದಂತೆಯೋ ಕಾಣುತ್ತದೆ. ಕರೆಬದಿಯ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಕಣ್ಕಟ್ಟಿನಿಂದ ಹುಟ್ಟಿದ್ದು. ಫೋನನ್ನು ಸೆಕೆಂಡಿಗೆ 60 ಫ್ರೇಮಿನಲ್ಲಿಡಿ. ಒಂದು ಫ್ರೇಮೆಂದರೆ 0.017 ಸೆಕೆಂಡು, ಕೋಣದ ವೇಗದಲ್ಲಿ ಸುಮಾರು 17 ಸೆಂಟಿಮೀಟರ್. 240 ಫ್ರೇಮಿನ ನಿಧಾನಗತಿಯಲ್ಲಿ ನಾಲ್ಕು ಸೆಂಟಿಮೀಟರಿನವರೆಗೂ ಬಿಡಿಸಬಹುದು, ಆದರೆ ರಾತ್ರಿ ಚಿತ್ರ ಕಪ್ಪಾಗುತ್ತದೆ, ದೀಪಗಳು ಮಿಣುಕುತ್ತವೆ. ಅಧಿಕೃತ ತೀರ್ಪಿಗೆ ಲೇಸರ್ ಕಿರಣ ಕಡಿದ ಸಮಯ ಮತ್ತು ವಿಡಿಯೊ ಇರುತ್ತದೆ. 11.52ಕ್ಕೂ 11.60ಕ್ಕೂ ನಡುವಿನ ದೂರ ಹತ್ತಿರಹತ್ತಿರ 85 ಸೆಂಟಿಮೀಟರ್, ಒಂದು ಕೋಣದ ಕತ್ತಿನಷ್ಟು. ಅಷ್ಟು ಇದ್ದರೆ ಕಣ್ಣಿಗೇ ಕಾಣುತ್ತದೆ. ಅದಕ್ಕಿಂತ ಕಡಿಮೆಯಾದಾಗ ಬೊಬ್ಬೆ ಹಾಕದೆ ಪರದೆ ನೋಡುವುದು ಲೇಸು.

ಕ್ಯಾಮೆರಾ ಒಯ್ಯುವವರಿಗೆ

ಹಗಲಿಗೆ ಶಟರ್ 1/1600, ರಾತ್ರಿ ದೀಪದ ಬೆಳಕಿಗೆ 1/1000ಕ್ಕಿಂತ ಇಳಿಸಬೇಡಿ. ಐಎಸ್‌ಒ 6400ಕ್ಕೆ ಹೋದರೂ ಪರವಾಗಿಲ್ಲ. ಕಾಳುಕಾಳಾದ ಚಿತ್ರ ಸರಿಮಾಡಬಹುದು, ಅಲುಗಿದ ಕೋಣದ ಮೂತಿ ಸರಿಮಾಡಲಾಗದು. 70–200 ಲೆನ್ಸು ಸಾಕು. ರಾತ್ರಿಯ ಚಿತ್ರಗಳಲ್ಲಿ ಅಡ್ಡಪಟ್ಟಿ ಬಂದರೆ ಅದು ದೀಪಗಳ ಮಿಣುಕು. ಕ್ಯಾಮೆರಾದಲ್ಲಿ ಮಿಣುಕು ತಡೆಯುವ ಆಯ್ಕೆಯಿದ್ದರೆ ಹಾಕಿ. ಫೋನಿನವರು ಜೂಮ್ ಮಾಡದೆ, ಕೋಣ ಬರುವ ಮೊದಲೇ ಕರೆಯ ಒಂದು ಜಾಗಕ್ಕೆ ಬೆರಳಿಟ್ಟು ಫೋಕಸ್ ಬಿಗಿಮಾಡಿ, ಬರ್ಸ್ಟ್ ಒತ್ತಲಿ. ಕೆಸರು ಲೆನ್ಸಿಗೆ ಬಿದ್ದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಮರಳಿನ ಕಣ ಗಾಜನ್ನು ಗೀರುತ್ತದೆ. ಊದಿ, ಒದ್ದೆ ಬಟ್ಟೆಯಲ್ಲಿ ಎತ್ತಿ ತೆಗೆಯಿರಿ. ಸಮಿತಿಯ ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಬೇಡವೇ ಬೇಡ.

ಮೈಗೂ ಜೇಬಿಗೂ

ಮಂಜೊಟ್ಟಿಯ ಏರಿನ ನೇರ ಮುಂದೆ ಮಾತ್ರ ನಿಲ್ಲಬೇಡಿ. ಕೋಣ ಗೆರೆ ದಾಟಿದ ಕೂಡಲೇ ನಿಲ್ಲುವುದಿಲ್ಲ, ಏರು ಹತ್ತಿ ಮೇಲೆ ಬರುತ್ತದೆ. ಹಿಡಿಯುವವರ ಕೈತಪ್ಪಿದರೆ ಜನರ ನಡುವೆಯೇ ನುಗ್ಗುತ್ತದೆ. ಮಕ್ಕಳಿದ್ದರೆ ಕರೆಯ ನಡುಭಾಗದ ಬದಿಯಲ್ಲಿ, ಬೇಲಿಯಿಂದ ಎರಡನೆಯ ಸಾಲಿನಲ್ಲಿ ಹೆಗಲ ಮೇಲೆ ಕೂರಿಸಿ. ಕೋಣ ಬರುತ್ತಿರುವಾಗ ಬೇಲಿ ನುಸುಳಿ ಕರೆ ದಾಟುವವರು ಪ್ರತಿ ಕಂಬಳದಲ್ಲೂ ಇದ್ದಾರೆ. ನೀವು ಅವರಲ್ಲಿ ಒಬ್ಬರಾಗಬೇಡಿ.

ಕೋಣ ಕಟ್ಟುವ ಬಿಡಾರಗಳ ಕಡೆ ಒಂದು ಸುತ್ತು ಹೋಗಿಬನ್ನಿ, ಎಣ್ಣೆ ಹಚ್ಚಿದ ಮೈ, ನೊಗದ ಕುಸುರಿ, ಹಣೆಯ ಬೆಳ್ಳಿ ನೋಡುವಂಥದ್ದೇ. ಕೇಳದೆ ಮುಟ್ಟಬೇಡಿ, ತಿನ್ನಲು ಏನೂ ಕೊಡಬೇಡಿ. ಓಟದ ಕೋಣದ ಹುರುಳಿ, ಹುಲ್ಲು, ನೀರು ಎಲ್ಲಕ್ಕೂ ಹೊತ್ತು, ಅಳತೆ ಇದೆ. ಯಾರಾದರೂ ಕೋಣಕ್ಕೆ ಮಿತಿಮೀರಿ ಹೊಡೆಯುವುದು ಕಂಡರೆ ಸಮಿತಿಯವರಿಗೆ ತಿಳಿಸಿ. ಕಂಬಳಕ್ಕೆ ಕಾನೂನಿನ ಒಪ್ಪಿಗೆ ನಿಂತಿರುವುದೇ ಆ ಷರತ್ತಿನ ಮೇಲೆ.

ಹಳೆಯ ಚಪ್ಪಲಿ, ಒಂದು ಜೊತೆ ಬದಲಿ ಬಟ್ಟೆ, ತಲೆಗೆ ಮುಂಡಾಸು ಸುತ್ತಲು ಒಂದು ಬೈರಾಸು, ಒಂದು ಲೀಟರ್ ನೀರು, ಟಾರ್ಚು. ಹಗಲು ಬಿಸಿಲು ಸುಡುತ್ತದೆ, ಬೆಳಗಿನ ಜಾವ ಗದ್ದೆಯ ಇಬ್ಬನಿಗೆ ಹಲ್ಲು ಕಟಕಟಿಸುತ್ತದೆ. ಊಟಕ್ಕೆ ಚಿಂತೆಯಿಲ್ಲ: ಚರುಮುರಿ, ಗೋಳಿಬಜೆ, ಕಬ್ಬಿನ ಹಾಲು, ರಾತ್ರಿಗೆ ಕೋರಿರೊಟ್ಟಿ. ನೆಟ್‌ವರ್ಕ್ ಕೈಕೊಡುವುದರಿಂದ ಗೂಗಲ್ ಪೇ ನಂಬಿ ಹೋಗದೆ ಚಿಲ್ಲರೆ ಇಟ್ಟುಕೊಳ್ಳಿ.

ಮರುದಿನದ ಪತ್ರಿಕೆ

ಫಲಿತಾಂಶದಲ್ಲಿ ಮೊದಲು ಬರುವ ಹೆಸರು ಕೋಣದ ಯಜಮಾನರದು. ಹೆಸರಿನ ಮುಂದೆ ಎ, ಬಿ ಎಂದಿದ್ದರೆ ಒಂದೇ ಮನೆಯಿಂದ ಒಂದಕ್ಕಿಂತ ಹೆಚ್ಚು ಜೊತೆ ಬಂದಿದೆ ಎಂದರ್ಥ. ಅದರ ಕೆಳಗೆ ನೇಗಿಲು, ಹಗ್ಗ ವಿಭಾಗಗಳಲ್ಲಿ ‘ಓಡಿಸಿದವರು’, ಅಡ್ಡಹಲಗೆ, ಕನೆಹಲಗೆಯಲ್ಲಿ ‘ಹಲಗೆ ಮುಟ್ಟಿದವರು’ ಎಂದು ಇನ್ನೊಂದು ಹೆಸರು. ನೆನಪಿಡಬೇಕಾದ್ದು ಈ ಎರಡನೆಯ ಹೆಸರನ್ನು. ಒಬ್ಬನೇ ಓಟಗಾರ ಒಂದೇ ದಿನ ಬೇರೆ ಬೇರೆ ಮನೆಯ ಕೋಣ ಓಡಿಸುತ್ತಾನೆ. ನಾಲ್ಕೈದು ವಾರದ ಫಲಿತಾಂಶ ಕತ್ತರಿಸಿಟ್ಟರೆ ಯಾವ ಕೋಣಕ್ಕೆ ಯಾವ ಓಟಗಾರನ ಕೈ ಹೊಂದುತ್ತದೆ ಎಂಬುದು ತಾನೇ ಕಾಣತೊಡಗುತ್ತದೆ, ಮುಂದಿನ ವಾರದ ವಾದಕ್ಕೆ ಸರಕಾಗುತ್ತದೆ. ಬಹುಮಾನ ಪವನಿನ ಲೆಕ್ಕದಲ್ಲಿ: ಎರಡು ಪವನೆಂದರೆ 16 ಗ್ರಾಂ ಚಿನ್ನ. ಒಂದು ಜೊತೆಯನ್ನು ವರ್ಷವಿಡೀ ಸಾಕುವ ಖರ್ಚಿನ ಮುಂದೆ ಅದು ದೊಡ್ಡದೇನಲ್ಲ, ಯಜಮಾನರು ಓಡಿಸುವುದು ಮನೆತನದ ಹೆಸರಿಗಾಗಿ.

ಭಾನುವಾರ ವಾಪಸು ಬರುವಾಗ ಕೋಣ ಹೊತ್ತ ಲಾರಿಗಳು ಹೆದ್ದಾರಿಯಲ್ಲಿ ನಿಮ್ಮ ಮುಂದೆಯೇ ಇರುತ್ತವೆ. ಹಾರ್ನ್ ಒತ್ತಬೇಡಿ, ಹೈಬೀಮ್ ಹಾಕಬೇಡಿ, ಅಂಟಿಕೊಂಡು ಹೋಗಬೇಡಿ. ಬ್ರೇಕು ಹಾಕಿದರೆ ಕೋಣ ಮುಗ್ಗರಿಸಬಾರದೆಂದು ಚಾಲಕರು ತಿರುವಿಗೆ ಮುಂಚೆಯೇ ವೇಗ ಇಳಿಸುತ್ತಾರೆ. ಗಡಿ ದಾಟುವಾಗ ಅಬಕಾರಿಯವರು ಡಿಕ್ಕಿ ತೆರೆಸಿ ನೋಡುವುದುಂಟು. ಗೆಳೆಯರು ಮಂಗಳೂರಿನಲ್ಲಿ ಕೊಂಡ ಬಾಟಲಿ ಹಿಂದಿನ ಸೀಟಿನಡಿ ಇಟ್ಟಿದ್ದಾರೆಯೇ ಎಂದು ಕೂಳೂರಿನಲ್ಲೇ ಕೇಳಿಕೊಂಡು ಹೊರಡಿ. ರಾತ್ರಿಯಿಡೀ ನಿದ್ದೆಗೆಟ್ಟವರು ಸ್ಟಿಯರಿಂಗ್ ಹಿಡಿಯುವ ಮೊದಲು ಕಾರಿನಲ್ಲೇ ಒಂದು ಗಂಟೆ ಮಲಗಲಿ, ಊಟದ ಹೊತ್ತಿಗೆ ಮನೆ ಸೇರಿದರೂ ಸಾಕು.